ಟ್ರಾಮಿನ ಅಪರಾಧ, ಇತ್ಯಾದಿ

ಯುರೋಪಿನ ನ್ಯಾಯಾಂಗಕ್ಕೂ ಕೃಷ್ಣೆಯ ಕಾಲುವೆಗೂ ಏಕಕಾಲಕ್ಕೆ ಸಂಬಂಧಪಟ್ಟ, ಆದ್ದರಿಂದ ಹಗುರವಾಗಿ ಎಣಿಸಬಾರದ ಸಂಗತಿ ಇದು: ಶಹಾಪುರದ ದೇವಿಂದ್ರ ಜರ್ಮನಿಯಲ್ಲಿ ಮೂರು ಸಲ ಟಿಕೆಟ್ ಇಲ್ಲದೆ ಟ್ರಾಮ್ ಹತ್ತಿದ್ದ.

ಕಾಲುವೆಗೆ ನೀರು ಬಂದು ಹನ್ನೆರಡು ವರ್ಷವಾಗಿತ್ತು. ಹೂಳೆತ್ತುವ ಮಷಿನ್ ಕಲಿತು ಬರಲೆಂದು, ಟೆಂಪರರಿ ನೌಕರನಾಗಿದ್ದ ಅವನನ್ನು ಮೂರು ತಿಂಗಳು ಅಲ್ಲಿಗೆ ಕಳಿಸಿದ್ದರು. ಕಲಿತು ಬಂದ, ಹಿಂದೆಯೇ ಆಫೀಸಿನ ವಿಳಾಸಕ್ಕೆ ಅಲ್ಲಿನ ಕೋರ್ಟಿನ ಕಾಗದವೂ ಬಂತು. ಅದನ್ನು ಇಂಗ್ಲಿಷಿಗೆ ಮಾಡಿಸಿ ತಂದರೇ ನೌಕರಿ ಪರ್ಮನೆಂಟ್ ಎಂದಿತು ಯಾದಗಿರಿಯ ಕಾಲುವೆ ಆಫೀಸು.

ಸುತ್ತಮುತ್ತ ಜರ್ಮನ್ ಬಲ್ಲವರೆಂದರೆ ಸುರಪುರದ ತಾಯಪ್ಪ ಮಾಸ್ತರರೊಬ್ಬರೇ. ಹೈದರಾಬಾದಿನಲ್ಲಿ ಆರು ತಿಂಗಳು ಸಂಜೆ ಕ್ಲಾಸಿಗೆ ಹೋಗಿ ಕಲಿತಿದ್ದರು. ಇಪ್ಪತ್ತು ವರ್ಷ ಆ ವಿದ್ಯೆಯನ್ನು ಯಾರೂ ಪರೀಕ್ಷಿಸಿರಲಿಲ್ಲ.

"ಟಿಕೀಟು ತಗೊಂಡಿದ್ದಿಲ್ರಿ ಸರ, ಸಿಕ್ಕಬಿದ್ದೆ. ದಂಡಾನೂ ಕಟ್ಟೀನಿ," ಎಂದ ದೇವಿಂದ್ರ.

ಮಾಸ್ತರರು ಡಿಕ್ಷನರಿ ಧೂಳು ಕೊಡವಿದರು. ಮೇಲೆ ಅಪರಾಧದ ಹೆಸರಿತ್ತು: 'ಎರ್ಶ್ಲೈಖೆನ್ ಫೊನ್ ಲೈಸ್ಟುಂಗೆನ್'. ಒಂದೊಂದೇ ಪದ ಹುಡುಕಿ, 'ವಂಚನೆಯಿಂದ ಸೇವೆ ಪಡೆದದ್ದು' ಎಂಬರ್ಥದ ಇಂಗ್ಲಿಷನ್ನು, ಫ್ರಾಡ್ ಎಂಬ ಪದ ಎದ್ದು ಕಾಣುವಂತೆ, ದಪ್ಪಕ್ಷರದಲ್ಲಿ ಬರೆದರು. ಅದರ ಕೆಳಗೆ, ಏನು ನಡೆಯಿತೆಂದು ವಿವರಿಸುವ ಐದು ಸಾಲಿನ ಒಂದೇ ವಾಕ್ಯವಿತ್ತು. ಮೂರು ದಿನ ಕೂತರೂ ಅದು ಬಗ್ಗಲಿಲ್ಲ.

"ಟಿಕೀಟಿಲ್ದ ಹೋಗ್ಯಾನ ಅಂತ ಬರದು ಕೈ ತೊಳ್ಕೋರಿ," ಎಂದಳು ಹೆಂಡತಿ ಸುಂದ್ರಮ್ಮ.

"ಓದಲಾರದ್ದು ಬರದ್ರ ಮೋಸ ಆಗ್ತದ."

"ಹಂಗಾರ ಓದಾಕ ಬರಲಿಲ್ಲಂತ ಬರೀರಿ."

ಮಾಸ್ತರರು ಎರಡನ್ನೂ ಬರೆಯಲಿಲ್ಲ. 'ಇತ್ಯಾದಿ' ಎಂದು ಬರೆದು, ಸಹಿ ಮಾಡಿ, ಸಹಿಯ ಕೆಳಗೆ 'ಜರ್ಮನ್ ಭಾಷಾತಜ್ಞ' ಎಂದು ಸೇರಿಸಿದರು.

ಕಾಗದ ಒಪ್ಪಿಸಲು ತಾವೂ ಯಾದಗಿರಿಗೆ ಹೋದರು. ಆಫೀಸಿನಲ್ಲಿ ಚಹಾ ಬರುತ್ತದೆಂಬ ನಿರೀಕ್ಷೆಯಿತ್ತು, ಬಂತು ಕೂಡ. ಹೆಡ್ ಕ್ಲರ್ಕ್ ಚಂದ್ರಾಮಪ್ಪ ಕನ್ನಡಕ ಏರಿಸಿದ.

"ಫ್ರಾಡ್ ಮಾಡಿ ಬಂದೀಯೇನಪಾ? ಇತ್ಯಾದಿ ಅಂದ್ರ ಇನ್ನೂ ಎಷ್ಟ ಅದಾವ?"

"ಅದು ಬರೇ ಟ್ರಾಮಿನ ಟಿಕೀಟ್ರಿ ಸಾಹೇಬ್ರ," ಎಂದ ದೇವಿಂದ್ರ.

"ಇದರಾಗ ಟ್ರಾಮೂ ಇಲ್ಲ, ಟಿಕೀಟೂ ಇಲ್ಲ." ಚಂದ್ರಾಮಪ್ಪ ಮಾಸ್ತರರ ಕಡೆ ತಿರುಗಿದ. "ನೀವು ಹೇಳ್ರಿ ಸರ. ಮೂಲದಾಗ ಇಷ್ಟೇ ಅದ ಏನು?"

ಕೆಳಗಿನ ಸಾಲು ನನಗೆ ತಿಳಿಯಲಿಲ್ಲ ಎಂದರೆ ಸಾಕಿತ್ತು. ದೇವಿಂದ್ರ ಮಾಸ್ತರರ ಮುಖವನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಟೇಬಲ್ಲಿನ ಮೇಲೆ 'ಭಾಷಾತಜ್ಞ' ಎಂಬ ಪದ ಮಾಸ್ತರರತ್ತಲೇ ಮುಖಮಾಡಿ ಬಿದ್ದಿತ್ತು.

"ಮೂಲದಾಗ ಹಂಗೇ ಅದ್ರಿ," ಎಂದರು.

ಮರಳುವ ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಮಾಸ್ತರರು ಜೇಬಿಗೆ ಕೈ ಹಾಕುವ ಮೊದಲೇ ದೇವಿಂದ್ರ ಎರಡು ಟಿಕೆಟ್ ತೆಗೆಸಿದ, ಒಂದು ಶಹಾಪುರದ್ದು, ಒಂದು ಸುರಪುರದ್ದು.

"ನಿಮ್ದೂ ತಗೊಂಡೀನ್ರಿ ಸರ. ನನ್ನ ಸಲುವಾಗಿ ಭಾಳ ತ್ರಾಸ ತಗೊಂಡ್ರಿ."

ಶಹಾಪುರದಲ್ಲಿ ಅವನು ಇಳಿದ. ಸುರಪುರ ಬರುವವರೆಗೂ ಮಾಸ್ತರರು ಆ ಟಿಕೆಟನ್ನು ಅಂಗೈಯಲ್ಲಿ ಹಿಡಿದೇ ಕೂತಿದ್ದರು. ಆಫೀಸಿಗೆ ಕ್ಷಮೆಯ ಪತ್ರವೊಂದನ್ನು ಮನಸ್ಸಿನಲ್ಲೇ ಬರೆದರು. ಇಂಗ್ಲಿಷ್ ಚೆನ್ನಾಗಿ ಬಂದಿತ್ತು. ಮನೆಯಲ್ಲಿ ಸುಂದ್ರಮ್ಮ "ಏನಾತು?" ಎಂದಾಗ "ಚಹಾ ಕೊಟ್ರು" ಎಂದರು.

ಪತ್ರ ಹೋಗಲಿಲ್ಲ. ಆ ವರ್ಷ ಹನ್ನೊಂದು ಮಂದಿ ಪರ್ಮನೆಂಟ್ ಆದರು. ದೇವಿಂದ್ರ ಆಗಲಿಲ್ಲ.