ಕಂಬವಿಲ್ಲದ ಜಾಗ

ಮರಳುದಿಬ್ಬದ ನೆತ್ತಿ ಇನ್ನೇನು ಸಿಕ್ಕಿತು ಎನ್ನುವಾಗ ಮೇಡಂ, "ಬ್ರೇಕ್" ಎಂದರು.

ಸ್ಟೀರಿಂಗ್ ಹಿಡಿದಿದ್ದ ಗೆಳತಿಯ ಕಾಲು ಒಡನೆ ಬ್ರೇಕಿನ ಮೇಲೆ ಬಿತ್ತು. ಮೂತಿ ಮೇಲೆತ್ತಿಕೊಂಡೇ ಜೀಪು ನಿಂತಿತು. ಮತ್ತೆ ಮುಂದೆ ಹೋಗಲು ಅವಳು ಆಕ್ಸಿಲರೇಟರ್ ಒತ್ತಿದ್ದೇ ತಡ, ಹಿಂದಿನ ಚಕ್ರಗಳು ನಿಂತಲ್ಲೇ ಗರಗರ ತಿರುಗಿ ಅರ್ಧ ಹೂತುಕೊಂಡವು. ಮುಂದಿನ ಗಾಜಿನ ತುಂಬ ಬರೀ ಆಕಾಶ. ಮೇಡಂ ಬ್ರೇಕ್ ಎಂದದ್ದೂ ಅದಕ್ಕೇ.

ಊರಿನ ಡ್ರೈವಿಂಗ್ ಸ್ಕೂಲಿನಲ್ಲಿ ಪಕ್ಕದ ಸೀಟಿನಲ್ಲಿ ಕೂತೇ ಕೂದಲು ಹಣ್ಣು ಮಾಡಿಕೊಂಡವರು ಮೇಡಂ. ಮುಂದಿನ ದಾರಿ ಕಾಣದಿದ್ದರೆ ಮೊದಲು ಬ್ರೇಕ್, ಯೋಚನೆ ಆಮೇಲೆ ಎನ್ನುವುದು ಅವರ ಮೊದಲ ದಿನದ ಪಾಠ. ಮರಳಿನ ಲೆಕ್ಕ ಅದಲ್ಲ. ಏರುವಾಗ ನಿಂತ ಗಾಡಿಯನ್ನು ಮರಳು ಸುಲಭಕ್ಕೆ ಬಿಡುವುದಿಲ್ಲ. ಹೊರಡುವ ಮುಂಚೆ ಇಬ್ಬರೂ ಕೂತು ಇದನ್ನೆಲ್ಲ ಓದಿಕೊಂಡಿದ್ದರು. ಗೊತ್ತಿದ್ದೂ ಬಾಯಿ ತಡೆಯಲಿಲ್ಲ.

ತಪ್ಪು ತನ್ನದು ಎಂದು ಮೇಡಂ ಹೇಳಿದರು.

"ನೀವು ಬ್ರೇಕ್ ಅಂದ್ರೆ ಮುಗೀತು ಮೇಡಂ. ನನ್ನ ಕಾಲು ಆಮೇಲೆ ನನ್ನ ಮಾತು ಕೇಳಲ್ಲ," ಎಂದಳು ಗೆಳತಿ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮೇಡಂಗೆ ಸ್ವಲ್ಪ ಹಗುರಾಗುತ್ತಿತ್ತು.

ಅವಳು ಟೈಲರ್. ಡ್ರೈವಿಂಗ್ ಸ್ಕೂಲಿನ ಎದುರು ಸಾಲಿನಲ್ಲೇ ಅವಳ ಅಂಗಡಿ. ಲೈಸೆನ್ಸ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗಿ, ಕಡೆಗೊಮ್ಮೆ ಪರೀಕ್ಷೆಯ ಮೈದಾನದ ಬಾಗಿಲಲ್ಲಿದ್ದ ದೀಪದ ಕಂಬಕ್ಕೇ ಗುದ್ದಿದ್ದಳು. ಅಂದಿನಿಂದ ಬೀದಿಯಲ್ಲಿ ಅವಳ ಹೆಸರು ಕಂಬ. ಗಂಡನೂ ಹಾಗೇ ಕರೆಯುತ್ತಿದ್ದ. ಅವತ್ತು ಅಳುತ್ತಾ ಕೂತವಳನ್ನು ಸಮಾಧಾನ ಮಾಡಲು ಮೇಡಂ, ಒಂದೂ ಕಂಬವಿಲ್ಲದ ಜಾಗ ಅಂದರೆ ಮರಳುಗಾಡು, ಲೈಸೆನ್ಸ್ ಬಂದ ಮೇಲೆ ನನ್ನನ್ನು ಅಲ್ಲಿಗೆ ಕರ್ಕೊಂಡು ಹೋಗು ಎಂದಿದ್ದರು. ಬಾಯಿಮಾತಿಗೆ ಅಂದದ್ದು. ಟೈಲರ್ ಅದನ್ನು ಗಂಟು ಹಾಕಿ ಇಟ್ಟುಕೊಂಡಳು. ಲೈಸೆನ್ಸ್ ಪಡೆದಳು, ಹಳೆಯ ಜೀಪು ಕೊಂಡಳು, ಉಳಿದ ಬಟ್ಟೆಯಲ್ಲಿ ಡೇರೆಗೆ ನೆರಳುಚಪ್ಪರವನ್ನೂ ಹೊಲಿದಳು. ಮನೆಯ ಗೇಟಿನಿಂದ ಹೊರಟು ಮನೆಯ ಗೇಟಿಗೆ ಬರುವ ತನಕ ಸ್ಟೀರಿಂಗಿಗೆ ಬೇರೆಯವರ ಕೈ ತಾಗಬಾರದು, ಮೇಡಂದು ಕೂಡ, ಎಂದು ಷರತ್ತು ಹಾಕಿದ್ದಳು. ಬೀಳ್ಕೊಡಲು ಬಂದ ಗಂಡ, ಇವಳು ಮರಳುಗಾಡಲ್ಲೂ ಎಲ್ಲಿಂದಾದರೂ ಒಂದು ಕಂಬ ಹುಡುಕಿಕೊಳ್ಳುತ್ತಾಳೆ ಎಂದು ನಗಿಸಿದ್ದ. ಅವಳೂ ನಕ್ಕಿದ್ದಳು.

ಇಷ್ಟು ದೂರ ಷರತ್ತು ಮುರಿದಿರಲಿಲ್ಲ. ಕಲ್ಲು ತುಂಬಿದ ಒಣಹಳ್ಳ, ಚೂಪು ಮುಳ್ಳುಪೊದೆಗಳ ಬಯಲು, ಎಲ್ಲ ದಾಟಿಸಿದ್ದಳು. ರಾತ್ರಿ ತಂಗಿದ್ದು ದಿಬ್ಬಗಳ ನಡುವಿನ ತಗ್ಗಿನಲ್ಲಿ. ಈ ಕೊನೆಯ ದಿಬ್ಬ ಹತ್ತಿ ಇಳಿದರೆ ಆಚೆ ಗಟ್ಟಿನೆಲ, ಅದರಾಚೆ ರಸ್ತೆ. ಆಗದಿದ್ದರೆ ಬಂದ ದಾರಿಯಲ್ಲೇ ವಾಪಸ್. ನೀರು, ಪೆಟ್ರೋಲ್ ಎರಡಕ್ಕೂ ಕೊರತೆಯಿರಲಿಲ್ಲ.

ಸಲಿಕೆ ಹಿಡಿದು ಇಬ್ಬರೂ ಚಕ್ರಗಳ ಸುತ್ತ ಮರಳು ತೆಗೆದರು. ಗೆಳತಿ ರಿವರ್ಸ್ ಹಾಕಿ, ಏರಿದ ಗುರುತಿನ ಮೇಲೇ ನೇರ ಹಿಂದಕ್ಕೆ ಇಳಿಸಿದಳು. ಇಳಿಜಾರಿನಲ್ಲಿ ಅಡ್ಡ ತಿರುಗಿದರೆ ಜೀಪು ಉರುಳುತ್ತದೆ. ಅವಳು ಕೂದಲೆಳೆಯಷ್ಟೂ ತಿರುಗಿಸಲಿಲ್ಲ. ಮೇಡಂ ಅದನ್ನು ಗಮನಿಸಿದರು. ಬುಡದಲ್ಲಿ ನಿಲ್ಲಿಸಿ, ಮರಳಿನಲ್ಲಿ ಹಿಡಿತ ಸಿಗಲೆಂದು ಟೈರುಗಳ ಗಾಳಿ ಇನ್ನಷ್ಟು ಇಳಿಸಿದರು.

ಆಮೇಲೆ ಗೆಳತಿ ಬೀಗದಕೈಯನ್ನು ಬಾನೆಟ್ ಮೇಲೆ, ಮೇಡಂ ಎದುರಿಗೆ ಇಟ್ಟಳು.

"ನೀವೇ ಹತ್ತಿಸಿ."

"ಷರತ್ತು?"

"ಷರತ್ತು ನಂದೇ ತಾನೆ, ನಾನೇ ಮುರೀತೀನಿ. ಇನ್ನೊಂದ್ಸಲ ಹೂತ್ಕೊಂಡ್ರೆ ನಮ್ಮನೆಯವರಿಗೆ ಇನ್ನು ಹತ್ತು ವರ್ಷ ಬೇರೆ ಮಾತೇ ಬೇಡ."

ಮೇಡಂ ಬೀಗದಕೈ ಎತ್ತಿಕೊಂಡರು. ಕೈ ತುರಿಸುತ್ತಿತ್ತು ಎನ್ನುವುದು ಸುಳ್ಳಲ್ಲ. ತಾನು ಹತ್ತಿಸಬಲ್ಲೆ ಎನ್ನುವ ನಂಬಿಕೆಯೂ ಇತ್ತು. ಆದರೆ ಊರಿಗೆ ಹೋದ ಮೇಲೆ ಇವಳು, ಕೊನೆಯ ದಿಬ್ಬ ಹತ್ತಿಸಿದ್ದು ಮೇಡಂ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾಳೆ. ತನ್ನನ್ನೇ ಗೇಲಿ ಮಾಡಿಕೊಂಡು, ಎಲ್ಲರನ್ನೂ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಾ ಹೇಳುತ್ತಾಳೆ. ಆ ನಗು ಈಗಲೇ ಕಿವಿಗೆ ಬಿದ್ದಂತಾಗಿ ಮೇಡಂಗೆ ಸಹಿಸಲಾಗಲಿಲ್ಲ. ಬೀಗದಕೈಯನ್ನು ಅವಳ ಅಂಗೈಗೆ ಒತ್ತಿದರು.

"ನೀನೇ ಹತ್ತಿಸ್ತೀಯ. ನಾನು ಗಾಡೀಲಿ ಇರಲ್ಲ."

"ಮತ್ತೆ?"

"ಮೇಲೆ ಹೋಗಿ ನಿಲ್ತೀನಿ. ಆಚೆ ಏನಿದೆ ಅಂತ ಮೊದಲೇ ನೋಡ್ಬೇಕಿತ್ತು. ಸರಿ ಇದ್ರೆ ಕೈ ಎತ್ತುತ್ತೀನಿ, ಬಾ."

"ಪಕ್ಕದಲ್ಲಿ ನೀವಿಲ್ದೆ, ಈ ಮರಳಲ್ಲಿ?"

"ಪಕ್ಕದಲ್ಲಿದ್ರೆ ನಾನು ಬಾಯಿ ಮುಚ್ಕೊಂಡು ಇರಲ್ಲ. ನೋಡಿದೆಯಲ್ಲ."

"ಅಂತೂ ಒಪ್ಕೊಂಡ್ರಿ," ಎಂದಳು ಗೆಳತಿ, ಮೂಗು ಒರೆಸಿಕೊಳ್ಳುತ್ತಾ. "ಇದನ್ನ ಕೇಳೋಕೆ ಇಷ್ಟು ದೂರ ಬರಬೇಕಾಯ್ತು."

ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಕೆಳಗೆ ಜಾರುವ ಮರಳಿನಲ್ಲಿ ಮೇಡಂ ಏದುಸಿರು ಬಿಡುತ್ತಾ ಹತ್ತಿದರು. ನೆತ್ತಿಯಿಂದ ನೋಡಿದರೆ ಆಚೆಯ ಇಳಿಜಾರು ನುಣುಪಾಗಿತ್ತು. ಕಲ್ಲಿಲ್ಲ, ಗುಂಡಿಯಿಲ್ಲ. ಬುಡದಲ್ಲಿ ಬೂದುಬಣ್ಣದ ಜಲ್ಲಿನೆಲ ದೂರದವರೆಗೆ ಮಲಗಿತ್ತು. ಅವರು ಈಚೆ ತಿರುಗಿ ಕೈ ಎತ್ತಿದರು.

ಇಷ್ಟು ವರ್ಷಗಳಲ್ಲಿ ತಾವು ಕಲಿಸಿದವರು ಗಾಡಿ ಓಡಿಸುವುದನ್ನು ಮೇಡಂ ಹೊರಗೆ ನಿಂತು ನೋಡಿದವರಲ್ಲ. ಪರೀಕ್ಷೆಯ ದಿನಗಳಲ್ಲಿ ಮೈದಾನಕ್ಕೆ ಬೆನ್ನು ಹಾಕಿ ಕೂತಿರುತ್ತಿದ್ದರು. ಇಲ್ಲಿ ಬೆನ್ನು ಹಾಕುವಂತಿರಲಿಲ್ಲ.

ಜೀಪು ಹೊರಟಿತು. ಹಳೆಯ ಗುಂಡಿಗಳನ್ನು ಪಕ್ಕಕ್ಕೆ ಬಿಟ್ಟು ಹೊಸ ಸಾಲು ಹಿಡಿದಿದ್ದಳು. ನಡುದಿಬ್ಬದಲ್ಲಿ ಎಂಜಿನ್ ನರಳಿತು, ಮೂತಿ ಒಂದಿಷ್ಟು ಅತ್ತಿತ್ತ ಆಡಿತು. ಮೇಡಂ ಬಾಯಿ ತೆರೆದದ್ದು ನಿಜ. ಏನಂದರೋ, ಗಾಳಿ ಅದನ್ನು ಹಿಂದಕ್ಕೆ ಒಯ್ದಿತು. ಎತ್ತಿದ ಕೈಯನ್ನು ಮಾತ್ರ ಇಳಿಸಲಿಲ್ಲ. ಜೀಪು ಸದ್ದು ಹೆಚ್ಚಿಸಿಕೊಂಡು ಏರಿತು, ಇನ್ನೂ ಏರಿತು. ಸರಿಯಾಗಿ ನೆತ್ತಿಯ ಅಂಚಿಗೆ ಬಂದಾಗ ಸದ್ದು ಇಳಿಯಿತು. ಎಲ್ಲಿ ಕಾಲು ಎತ್ತಬೇಕೋ ಅಲ್ಲೇ ಎತ್ತಿದ್ದಳು. ಇನ್ನೊಂದು ಗಳಿಗೆ ಒತ್ತಿದ್ದರೆ ಜೀಪು ಹಾರಿ ಬೀಳುತ್ತಿತ್ತು, ಒಂದು ಗಳಿಗೆ ಮೊದಲೇ ಬಿಟ್ಟಿದ್ದರೆ ಮತ್ತೆ ಹೂತುಕೊಳ್ಳುತ್ತಿತ್ತು. ಮುಂದಿನ ಚಕ್ರಗಳು ಮೆಲ್ಲಗೆ ಆಚೆ ಬಾಗಿದವು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಹಾದುಹೋದ ಗೆಳತಿ ಮೇಡಂ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಕಣ್ಣು ಮುಂದಿತ್ತು.

ಯಾರಿಗಾದರೂ ಹೇಳಬೇಕು ಎನ್ನಿಸಿತು ಮೇಡಂಗೆ. ಕಣ್ಣು ಹಾಯುವಷ್ಟು ದೂರ ಒಂದು ನರಪಿಳ್ಳೆಯೂ ಇರಲಿಲ್ಲ.

"ನನ್ನ ಹತ್ರ ಕಲಿತವಳು," ಎಂದು ಗಾಳಿಗೇ ಹೇಳಿದರು.

ಗಟ್ಟಿನೆಲ ಮುಟ್ಟುವ ತನಕ ಗೆಳತಿ ಜೀಪನ್ನು ನಿಲ್ಲಿಸಲಿಲ್ಲ. ನಿಲ್ಲಿಸಿ ಇಳಿದವಳು, ಸೊಂಟದ ಮೇಲೆ ಕೈಯಿಟ್ಟುಕೊಂಡು ಮೇಲೆ ನೋಡಿದಳು.

"ನಡ್ಕೊಂಡು ಬರ್ತೀರಾ ಮೇಡಂ, ಇಲ್ಲಾ ಗಾಡಿ ಕಳಿಸ್ಲಾ?"

ನೆತ್ತಿಯಿಂದ ಬುಡದವರೆಗೆ ಚಕ್ರದ ಗುರುತುಗಳು ಎರಡು, ಎಲ್ಲಿಯೂ ಕೊಂಕಿಲ್ಲದೆ ಇಳಿದಿದ್ದವು. ಅವುಗಳ ಅಂಚಿನಿಂದ ಮರಳು ಕಾಳುಕಾಳಾಗಿ ಒಳಗೆ ಉದುರುತ್ತಿತ್ತು. ಮೇಡಂ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಗುರುತಿನ ಮೇಲೆ ಕಾಲು ಬೀಳದಂತೆ ಅದರ ಪಕ್ಕದಲ್ಲೇ ಕೆಳಗಿಳಿಯತೊಡಗಿದರು.