ಪಗಾರದಾಕಿ

ಕಂಡಕ್ಟರ್ ಕೊಟ್ಟ ಟಿಕೀಟಿನ ಮೇಲೆ ಸೊನ್ನೆ, ಹೆಣ್ಣುಮಕ್ಕಳಿಗೆ ಈಗ ಬಸ್ಸಿಗೆ ರೊಕ್ಕವಿಲ್ಲ, ಆದರೂ ಕಳೆಯಬಾರದು, ಚೆಕಿಂಗಿನವರು ಹತ್ತಿದರೆ ಸೊನ್ನೆಯನ್ನೂ ತೋರಿಸಬೇಕು, ನಾಗರತ್ನಾ ಅದನ್ನು ಬಳೆಗಳ ನಡುವೆ ಸಿಕ್ಕಿಸಿ ತೊಡೆಯ ಮೇಲಿನ ಚೀಲವನ್ನು ಒತ್ತಿ ನೋಡಿದಳು — ಇದೆ, ಚೆಕ್ಕು ಇದೆ, ಮಡಿಸಬ್ಯಾಡ್ರಿ ಅಂದಿದ್ದರು ಕಾರ್ಮಿಕ ಕಚೇರಿಯ ಮೇಡಂ, ಮಡಿಸಿಲ್ಲ. ಬೈಲಹೊಂಗಲ ಹಿಂದೆ ಬಿತ್ತು, ಹತ್ತಿ ಗಿರಣಿಯ ತಗಡಿನ ಚಾವಣಿ, ಬೇಲಿಯ ಮುಳ್ಳಿಗೆಲ್ಲ ಅರಳೆ ಅಂಟಿಕೊಂಡಿದೆ, ಸವದತ್ತಿಗೆ ಹೋಗಿ ಅಲ್ಲಿಂದ ಹೂಲಿಯ ಬಸ್ಸು ಹಿಡಿಯಬೇಕು, ಈಗ ಇರುವುದು ಅಲ್ಲೇ, ಅಣ್ಣನ ಮನೆಯ ಪಡಸಾಲೆಯಲ್ಲಿ, ಮಗಳು ಶೀತಲ ಅಲ್ಲೇ ಕಾಯುತ್ತಿದ್ದಾಳೆ. ಮುಂದಿನ ಸೀಟಿನವಳು ಬುತ್ತಿ ಬಿಚ್ಚಿದಳು, ರೊಟ್ಟಿ, ಹಂಚಿಗೆ ತುಸು ಹತ್ತಿದ ವಾಸನೆ, ಆ ವಾಸನೆಯಲ್ಲೇ ಹೋಯಿತಲ್ಲ ಹರೆಯವೆಲ್ಲ, ಕಿತ್ತೂರಿನ ಹೈವೇ ಬದಿ ಮಹಾಂತಪ್ಪನ ಖಾನಾವಳಿಯಲ್ಲಿ — ಗೋವಾಕ್ಕೆ ದುಡಿಯಲು ಹೋದ ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದನೆಂದು ತಿಳಿದ ವರ್ಷ ಕೂಸು ಶೀತಲಳನ್ನು ಎತ್ತಿಕೊಂಡು ಹೋಗಿ ನಿಂತಿದ್ದಳು, ರೊಟ್ಟಿ ಬಡಿಯಾಕ ಬರತೈತೇನು ಅಂದ ಮಹಾಂತಪ್ಪ, ಬರತೈತ್ರಿ, ಹಂಗಾರ ನಾಳಿಂದ ಬಾ, ಹಿಂದಿನ ಖೋಲ್ಯಾಗ ಇರು, ಅಷ್ಟೇ ಮಾತು. ಅವನ ತಾಯಿ ಶೆಟ್ಟೆವ್ವ ಮಾತ್ರ ಏನೂ ಕೇಳದೆ ಕೂಸನ್ನು ಇಸಕೊಂಡು ತೊಡೆಯ ಮೇಲೆ ಹಾಕಿಕೊಂಡಳು, ತಾಟಿನಲ್ಲಿ ಬಿಸಿ ಅನ್ನ ಹಾಕಿಸಿ, ಉಣ್ಣ ಮೊದಲ, ಆಮ್ಯಾಲ ಅಳುವಂತಿ ಅಂದಳು. ಒಲೆಯ ಮುಂದೆ ಕೂತರೆ ಏಳುವುದು ಊಟದ ಹೊತ್ತು ಮುಗಿದ ಮೇಲೆ, ಲಾರಿಯವರು ಇನ್ನೆರಡು ಬಿಸೀವು ಬರಲಿ ಅಂತ ಹೊರಗಿನಿಂದ ಕೂಗುತ್ತಿದ್ದರು, ಮೊದಮೊದಲು ತಿಂಗಳಿಗೊಮ್ಮೆ ಪಗಾರ ಕೈಗೆ ಬರುತ್ತಿತ್ತು, ಆಮೇಲೆ ಹೈವೇ ಅಗಲ ಮಾಡುವ ಕೆಲಸ ಶುರುವಾಗಿ ಲಾರಿ ನಿಲ್ಲುವುದು ಕಡಿಮೆಯಾಯಿತು — ಪಗಾರ ನನ್ನ ಕಡೆ ಇರಲಿ ತಂಗಿ, ಕೈಯಾಗ ಕೊಟ್ರ ಖರ್ಚಾಗತೈತಿ, ಶೀತಲನ ಲಗ್ನಕ್ಕ ಒಮ್ಮೆಲೇ ಕೊಡತೇನಿ, ಮನೀ ಮಗಳ ರೊಕ್ಕ ಎಲ್ಲಿ ಹೋದೀತು, ಅಂದ ಮಹಾಂತಪ್ಪ. ಪಂಚಮಿಗೆ ಸೀರೆ ಉಡಿಸಿದರು, ಉಡಿ ತುಂಬಿದರು, ಶೆಟ್ಟೆವ್ವ ತನ್ನ ಕೈಯಾರೆ ಎಳ್ಳಿನ ಉಂಡಿ ಕಟ್ಟಿಕೊಟ್ಟಳು, ತವರಿನಲ್ಲಿ ಯಾರೂ ಕರೆಯದ ವರ್ಷಗಳವು, ಆ ಉಂಡಿ ತಿನ್ನುತ್ತಾ ಪಗಾರ ಕೇಳಲು ಬಾಯಿ ಬರುವುದಾದರೂ ಹೇಗೆ.

ಕೇಳಿದ್ದು ಶೀತಲ. ಲಗ್ನ ಬ್ಯಾಡವ್ವ, ನರ್ಸಿಂಗ್ ಕಲೀತೇನಿ, ಫೀ ತುಂಬಬೇಕು, ನಿನ್ನ ರೊಕ್ಕ ಇಸಕೋ — ಹೌದಲ್ಲ, ನನ್ನ ರೊಕ್ಕ, ಆ ಮಾತೇ ಹೊಸದು ಅನ್ನಿಸಿತ್ತು. ಬರೋ ತಿಂಗಳ ಅಂದ ಮಹಾಂತಪ್ಪ, ಮತ್ತೆ ಬರೋ ತಿಂಗಳ, ಆ ತಿಂಗಳುಗಳಲ್ಲೇ ಅವನ ಮನೆಯ ಮೇಲೆ ಇನ್ನೊಂದು ಮಹಡಿ ಎದ್ದಿತು, ಮನೆತುಂಬುವ ದಿನ ಹೋಳಿಗೆ ಬೇಯಿಸಿದವಳೂ ಇವಳೇ, ಹೊಸ ಫರಸಿ ಎಷ್ಟು ನುಣುಪೆಂದರೆ ಶೆಟ್ಟೆವ್ವ ಬಚ್ಚಲ ಬಾಗಿಲಲ್ಲಿ ಜಾರಿ ಸೊಂಟ ಮುರಿದುಕೊಂಡಳು, ಮತ್ತೆ ಇವಳೇ, ಎತ್ತುವುದು, ಮೀಯಿಸುವುದು, ಹಿಕ್ಕಿ ಹೆರಳು ಹಾಕುವುದು, ಮುದುಕಿಯ ಕೂದಲು ಕೈಯಲ್ಲಿ ನೂಲಿನಂತೆ ಬರುತ್ತಿತ್ತು, ನೀ ಇಲ್ಲಂದ್ರ ನಾ ಹುಳತ ಹೋಗತಿದ್ದೆ ನಾಗೂ. ಮುದುಕಿ ಎದ್ದು ಓಡಾಡುವಂತಾದ ಮೇಲೆ ಖಾನಾವಳಿಯನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟ ಮಹಾಂತಪ್ಪ, ಖೋಲಿ ಖಾಲಿ ಮಾಡು ತಂಗಿ, ಲೆಕ್ಕಾ ಆಮ್ಯಾಲ ನೋಡೂಣು. ಆಮೇಲೆ ಫೋನು ಎತ್ತಲಿಲ್ಲ. ಶೀತಲಳೇ ಕಾರ್ಮಿಕ ಕಚೇರಿಗೆ ಅರ್ಜಿ ಬರೆದಳು, ಹೆಬ್ಬೆಟ್ಟಲ್ಲ ಸಹಿ ಮಾಡವ್ವ, ನಿನಗ ಬರತೈತಲ್ಲ. ನೋಟೀಸು ಹೋಯಿತು, ಮೊದಲ ತಾರೀಕಿಗೆ ಅವನು ಬರಲಿಲ್ಲ, ಇವತ್ತು ಬಂದ, ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದ. ಬಾಗಿಲಲ್ಲಿ ಕೋಲು ಮೊದಲು ಕಂಡಿತು, ಆಮೇಲೆ ಶೆಟ್ಟೆವ್ವ, ಕೂದಲು ಕೆದರಿತ್ತು, ಯಾರೂ ಹಿಕ್ಕಿರಲಿಲ್ಲ. ಇವರು ನಮ್ಮ ಹಂತೇಕ ಕೆಲಸಕ್ಕ ಇರಲೇ ಇಲ್ರಿ ಮೇಡಂ, ಮನೀ ಮಗಳಂಗ ಇದ್ರು, ನಮ್ಮ ಜೋಡಿ ಉಂಡಾರ, ಪಂಚಮಿಗೆ ಸೀರಿ ಉಡಿಸೇವಿ, ಬೇಕಾದ್ರ ನಮ್ಮವ್ವನ್ನ ಕೇಳ್ರಿ, ಅಂದ ಮಹಾಂತಪ್ಪ. ಮೇಡಂ ಕೇಳಿದರು, ಅಜ್ಜಿ, ಈಕಿ ನಿಮಗ ಏನಾಗಬೇಕು. ಮಗಳಾಗಬೇಕ್ರಿ, ಅಂದಳು ಶೆಟ್ಟೆವ್ವ, ತಡಮಾಡದೆ ಅಂದಳು, ಮಗ ಕಲಿಸಿಕೊಟ್ಟ ದನಿಯಲ್ಲ ಅದು, ಅದೇ ಕುತ್ತಿಗೆಗೆ ಬಂದದ್ದು, ಕಲಿಸಿದ ಸುಳ್ಳಾಗಿದ್ದರೆ ಎಷ್ಟು ಹಗುರಾಗುತ್ತಿತ್ತು. ಮೇಡಂ ಇವಳ ಕಡೆ ತಿರುಗಿದರು, ನೀವ ಹೇಳ್ರಿ ನಾಗರತ್ನಾ ಅವರ, ಮನಿಯವರೋ ಕೆಲಸದವರೋ, ನೀವು ಅಂದದ್ದ ಬರಕೋತೇನಿ. ಫ್ಯಾನಿನ ಸದ್ದು, ಮುದುಕಿ ಕಿವಿ ಮುಂದೆ ಮಾಡಿ ಕೂತಿದ್ದಾಳೆ, ಎಡಗಿವಿ ಕೇಳುವುದಿಲ್ಲ ಅವಳಿಗೆ, ಬಲಗಿವಿ ಈ ಕಡೆಗೇ ಇದೆ, ಮೆಲ್ಲಗೆ ಅಂದರೆ ಕೇಳಿಸಲಿಕ್ಕಿಲ್ಲ, ಆದರೆ ಮೆಲ್ಲಗೆ ಅಂದರೆ ಮೇಡಮ್ಮಿಗೂ ಕೇಳಿಸುವುದಿಲ್ಲ — ಮಗಳಲ್ರಿ, ಪಗಾರದಾಕಿ, ಅಂದಳು ನಾಗರತ್ನಾ, ಗಟ್ಟಿಯಾಗಿಯೇ ಅಂದಳು. ನಮ್ಮವ್ವನ ಮುಂದ ಹಿಂಗಂತೀಯಲ್ಲ, ಅಂದ ಮಹಾಂತಪ್ಪ. ಮೇಡಂ ತಲೆ ಎತ್ತಲಿಲ್ಲ, ಬರೆಯುತ್ತಲೇ ಕೇಳಿದರು, ಮಗಳ ಅಂತೀರಿ, ಮತ್ತ ಹೊಲಾ ಮನಿಯಾಗ ಪಾಲು ಬರದ ಕೊಡತೀರೇನ್ರಿ. ಅವನು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ. ಕೊನೆಗೆ ಬಾಕಿ ಪಗಾರ ಕೊಡಲು ಒಪ್ಪಿದ, ಅರ್ಧ ಈಗ, ಅರ್ಧ ದೀಪಾವಳಿಗೆ, ಬರವಣಿಗೆಯಲ್ಲಿ, ಇಬ್ಬರ ಸಹಿ.

ಫೋನು ಗುರುಗುಟ್ಟಿತು, ಶೀತಲ. ಏನಾತವ್ವ. ಅರ್ಧ ಚೆಕ್ಕ ಕೊಟ್ರು, ಉಳದದ್ದು ದೀಪಾವಳಿಗೆ. ಖರೇನಾ, ಬರದು ಕೊಟ್ಟಾರಿಲ್ಲೋ, ಬರದು ಕೊಟ್ಟಾರ, ಹಂಗಾರ ನಾಳೆನ ಬ್ಯಾಂಕಿಗೆ ಹೋಗೂಣು, ಮೊದಲ್ನೇ ವರ್ಷದ ಫೀಗೆ ಸಾಕಾಗತೈತಿ — ಹುಡುಗಿಯ ದನಿಯಲ್ಲಿ ನಗು, ಎಷ್ಟು ದಿನವಾಗಿತ್ತು ಆ ನಗು ಕೇಳಿ, ಬಸ್ಸು ಯಾವುದೋ ಊರಿನ ಅಗಸಿ ಬಾಗಿಲ ಮುಂದೆ ನಿಂತು ಹೊರಟಿತು, ಗೋವಿನಜೋಳದ ಹೊಲ, ಸರಿಯಾಗಿಯೇ ಆಯಿತು, ಮಾಡಬೇಕಾದದ್ದನ್ನೇ ಮಾಡಿದ್ದು. ಅಜ್ಜಿ ಬಂದಿದ್ಲೇನವ್ವ. ಬಂದಿದ್ಲು. ಏನಂದ್ಲು. ಏನಿಲ್ಲ, ಕೇಳಸವಲ್ದು, ಬಸ್ಸಿನ್ಯಾಗ ಅದೇನಿ, ಇಡು. ಸಹಿಯಾದ ಮೇಲೆ ಏನೂ ಅನ್ನಲಿಲ್ಲ ನಿಜವಾಗಿ. ಮಹಾಂತಪ್ಪ ಕಾರು ತರಲು ಹೋಗಿದ್ದ, ಇವಳು ಚೆಕ್ಕು ಹಿಡಿದುಕೊಂಡು ಹೊರಗೆ ಬಂದಳು, ಕಚೇರಿಯ ಕಟ್ಟೆಯ ಮೇಲೆ ಬೆಂಚು, ಬೆಂಚಿನ ನಟ್ಟನಡುವೆ ಶೆಟ್ಟೆವ್ವ ಒಬ್ಬಳೇ ಕೂತಿದ್ದಳು, ಸಿಟ್ಟಿರಬಹುದು, ಬೈಯುತ್ತಾಳೆ, ಬೈಯಲಿ ಅಂದುಕೊಂಡಳು. ಮುದುಕಿ ಬೈಯಲಿಲ್ಲ. ಇವಳನ್ನು ಕಂಡದ್ದೇ ಕೋಲನ್ನು ಆ ಕಡೆಯ ಕೈಗೆ ತೆಗೆದುಕೊಂಡಳು, ಸೆರಗಿನ ತುದಿಯಿಂದ ಬೆಂಚಿನ ಧೂಳು ಒರೆಸಿದಳು, ನೋಯುವ ಸೊಂಟವನ್ನು ಎರಡು ಸಲ ಎತ್ತಿ ಸರಿದು ಕೂತಳು. ನಾಗರತ್ನಾ ಕೂಡಲಿಲ್ಲ, ಬಸ್ಸಿನ ಹೊತ್ತಾಗಿತ್ತು, ಖರೇ ಹೊತ್ತಾಗಿತ್ತು, ಬರತೇನವ್ವಾ ಅಂದಳೋ ಇಲ್ಲವೋ ಈಗ ನೆನಪಾಗುತ್ತಿಲ್ಲ, ಮೆಟ್ಟಿಲಿಳಿದು ತಿರುಗಿ ನೋಡಿದಳು — ನಾಳೆ ಬ್ಯಾಂಕು, ಆಮೇಲೆ ಕಾಲೇಜು, ಫೀ ಕಟ್ಟಿದ ಪಾವತಿ ಚೀಟಿ ಜೋಪಾನ ಇಡಬೇಕು, ಆಮೇಲೆ — ಆಮೇಲೆ ಅಲ್ಲೇ ನಿಂತುಬಿಡುತ್ತದೆ, ಮುದುಕಿ ಹಾಗೆಯೇ ಕೂತಿದ್ದಾಳೆ, ಬೆಂಚಿನ ಒಂದು ತುದಿಗೆ, ಪಕ್ಕದಲ್ಲಿ ಸೆರಗಿನಿಂದ ಒರೆಸಿದ ಜಾಗ, ಒಬ್ಬರು ಕೂಡುವಷ್ಟು.