ಕಡಲಹೂವಿನ ಕಾವಲಿಗೆ ಒಂದು ಮೀನು

ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಯಾವ ಪ್ರಾಣಿ ಏನು ತಿನ್ನುತ್ತದೆ ಎಂಬುದನ್ನು ಬೆಳಗಾವಿಯ ಕಾಲೇಜೊಂದರಲ್ಲಿ ಒಂಬತ್ತು ವರ್ಷ ಪಾಠ ಹೇಳಿದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನು ಮಾಡಿದ ದಡ್ಡತನ ಕೇಳಿ ನೀವು ನನ್ನನ್ನು ಏನೂ ಓದದವಳು ಅಂದುಕೊಂಡೀರಿ. ಓದಿಯೇ ಮಾಡಿದ ದಡ್ಡತನ ಅದು.

೧೯೮೩ರ ಬೇಸಿಗೆ. ನಮ್ಮವ್ವ ಪದ್ಮವ್ವ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಮೂರು ತಿಂಗಳು ಮಂಚ ಬಿಟ್ಟು ಏಳಬಾರದು ಎಂದರು ಡಾಕ್ಟರು. ಹಗಲೆಲ್ಲ ಓಣಿ ತಿರುಗಿ ನಾಲ್ಕು ಮನೆಯ ಸುದ್ದಿ ತರುತ್ತಿದ್ದ ಹೆಂಗಸು ಗೋಡೆ ನೋಡುತ್ತ ಮಲಗಿದಳು. ಎಂಟು ದಿನಕ್ಕೆ ಮಾತೇ ನಿಂತುಹೋಯಿತು. ಬೈದರೂ ತಿರುಗಿ ಬೈಯಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕಾಲೇಜಿಗೆ ರಜೆ. ಲ್ಯಾಬಿನಲ್ಲಿದ್ದ ಎರಡಡಿ ಗಾಜಿನ ತೊಟ್ಟಿಯನ್ನು ಪ್ರಿನ್ಸಿಪಾಲರನ್ನು ಕೇಳಿ ಮನೆಗೆ ತಂದೆ, ಅವ್ವನ ಮಂಚದ ಪಕ್ಕಕ್ಕೇ ಇಟ್ಟೆ. ಅದರೊಳಗೆ ಸಮುದ್ರದ ನೀರು, ಕಾರವಾರದ ಪ್ರವಾಸದಲ್ಲಿ ಹೆಕ್ಕಿ ತಂದ ಒಂದು ಕಲ್ಲು. ಕಲ್ಲಿನ ತುಂಬ ಅಂಗಿಯ ಗುಂಡಿಯಷ್ಟಗಲದ ಹಸಿರು ಹೂವುಗಳು. ನೋಡುವುದಕ್ಕೆ ಹೂವು, ಅಷ್ಟೇ. ಒಂದೊಂದೂ ಒಂದು ಪ್ರಾಣಿ. ಕತ್ತಲಾದರೆ ಮುಚ್ಚುತ್ತವೆ, ಬೆಳಕು ಬಿದ್ದರೆ ಬಿಚ್ಚುತ್ತವೆ.

ಮರುದಿನ ಬೆಳಿಗ್ಗೆ ಅವ್ವ ಮಲಗಿದಲ್ಲೇ ಲಿಂಗಪೂಜೆ ಮುಗಿಸಿ ಕಣ್ಣು ತೆರೆದಾಗ ಹೂವುಗಳು ಒಂದೊಂದಾಗಿ ಬಿಚ್ಚುತ್ತಿದ್ದವು. "ಶಿವೀ, ಇಲ್ಲಿ ಬಾ, ನೋಡು," ಎಂದಳು. ಎಷ್ಟೋ ದಿನದ ಮೇಲೆ ಆಡಿದ ಮೊದಲ ಮಾತು. ಅಂದಿನಿಂದ ಸುದ್ದಿ ಹೇಳುವ ಕೆಲಸ ಮತ್ತೆ ಶುರುವಾಯಿತು. ಯಾವ ಹೂವು ಮೊದಲು ಬಿಚ್ಚಿತು, ಯಾವುದು ಸೊಕ್ಕು ಮಾಡಿತು, ಎಲ್ಲ ವರದಿ. ಆ ಕಲ್ಲಿಗೆ ಏನಾದರೂ ಆದರೆ ಅವ್ವ ಮತ್ತೆ ಗೋಡೆಯ ಕಡೆ ತಿರುಗುತ್ತಾಳೆ ಎಂಬುದು ನನಗೆ ಗೊತ್ತಿತ್ತು.

ಹದಿನೈದು ದಿನಕ್ಕೇ ಆಯಿತು. ಕಲ್ಲಿನ ಸಂದಿಯಿಂದ ಕಂದು ಬಣ್ಣದ, ತೆಳ್ಳಗಿನ ಇನ್ನೊಂದು ಜಾತಿ ತಲೆ ಎತ್ತಿತು. ಅದೂ ಹೂವಿನಂಥದ್ದೇ, ಆದರೆ ಎಳೆಗಳಲ್ಲಿ ವಿಷ. ಅದು ಮುಟ್ಟಿದ ಹಸಿರು ಹೂವು ಮುದುಡಿ ಕರಗುತ್ತಿತ್ತು. ಅವ್ವ ಅದಕ್ಕೆ ಕಸ ಎಂದು ಹೆಸರಿಟ್ಟಳು. ನಾನು ಬ್ಲೇಡಿನಿಂದ ಹೆರೆದೆ. ಒಂದಿದ್ದದ್ದು ವಾರದಲ್ಲಿ ಒಂಬತ್ತಾಯಿತು, ಹೆರೆದ ಚೂರೆಲ್ಲ ಹೊಸ ಕಸ. ಇದನ್ನೂ ನಾನೇ ಪಾಠ ಹೇಳಿದ್ದೆ, ನನ್ನ ಕರ್ಮ.

ನನಗೆ ಸಮುದ್ರದ ನೀರು ತಂದುಕೊಡುತ್ತಿದ್ದವನು ಖಾನಾಪುರದ ಗೌಸಸಾಬ. ಅಲ್ಲಿನ ಪೇಟೆಯಲ್ಲಿ ಅವನದು ಒಣಮೀನಿನ ಅಂಗಡಿ. ವಾರಕ್ಕೊಮ್ಮೆ ಗೋವೆಗೆ ರೈಲಿನಲ್ಲಿ ಹೋಗಿಬರುವಾಗ ಎರಡು ಕ್ಯಾನು ನೀರು ತುಂಬಿಕೊಂಡು ಬರುತ್ತಿದ್ದ. ಸಂಗತಿ ಹೇಳಿದೆ.

"ಕಸ ತಿನ್ನೂ ಮೀನ ಅದಾವ್ರಿ ಬಾಯಾರ. ಆದ್ರ ಕಸಾ ತಿಂದು ಹೂವಾ ಬಿಡೂ ಮೀನ ಯಾವುದು ಅನ್ನೂದು ಮೀನಿಗೇ ಕೇಳಬೇಕು," ಎಂದ.

ಕೇಳಿಯೇಬಿಡೋಣ ಎಂದು ಮುಂದಿನ ಭಾನುವಾರ ಎರಡೆರಡು ಹೂವು, ಎರಡೆರಡು ಕಸ ಇದ್ದ ಮೂರು ಚೂರುಗಳನ್ನು ಆ ಕಲ್ಲಿನ ಅಂಚಿನಿಂದ ಒಡೆದು ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಗೌಸಸಾಬ ಅಂಗಡಿಯ ಹಿಂದೆ ಮೂರು ಪ್ಲಾಸ್ಟಿಕ್ ಟಬ್ಬು ಇಟ್ಟಿದ್ದ. ಒಂದೊಂದರಲ್ಲಿ ಗೋವೆಯಿಂದ ಜೀವಂತ ತಂದ ಒಂದೊಂದು ಮೀನು.

"ಮೂರರದೂ ನಾಷ್ಟಾ ಆಗೇತ್ರಿ," ಎಂದ. "ಹೊಟ್ಟಿ ತುಂಬಿದ ಮ್ಯಾಲ ನೋಡಬೇಕ್ರಿ ಗುಣಾ."

ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಟ್ಟೆಪಟ್ಟೆಯ ಹಳದಿ ಮೀನಿನ ಚಂದಕ್ಕೆ ಮರುಳಾಗಿದ್ದೆ. ಒಂದೊಂದು ಟಬ್ಬಿಗೆ ಒಂದೊಂದು ಚೂರು ಕಲ್ಲು ಇಳಿಬಿಟ್ಟೆ. ಆ ಚಂದದ್ದು ಉದ್ದ ಮೂತಿ ಚಾಚಿ ಮೊದಲು ಕಿತ್ತದ್ದೇ ಹೂವನ್ನು. ಎರಡನೆಯದು ಗುಂಡು ಮೀನು. ಹೂವು, ಕಸ ಎರಡನ್ನೂ ತಿಂದು ಕಲ್ಲನ್ನೂ ಕಚ್ಚಿ ನೋಡಿತು. ಮೂರನೆಯದು ಒಣಗಿದ ಎಲೆಯ ಹಾಗೆ, ಬೆನ್ನ ಮೇಲೆ ಒಂದು ಮುಳ್ಳು. ಅರ್ಧ ಗಂಟೆ ಸುಮ್ಮನೆ ಸುತ್ತಿತು. ಒಂದು ಕಣ್ಣಿನಿಂದ ನೋಡಿತು, ತಿರುಗಿ ಇನ್ನೊಂದರಿಂದ ನೋಡಿತು. ಆಮೇಲೆ ಕಸದ ಎಳೆಯನ್ನು ಮೆಲ್ಲಗೆ ಜಗ್ಗಿತು. ಮಧ್ಯಾಹ್ನದ ಹೊತ್ತಿಗೆ ಕಸ ಎರಡೂ ಇರಲಿಲ್ಲ, ಹೂವು ಎರಡೂ ಇದ್ದವು. ನಾನು ಊಟ ಮರೆತು ಮೊಣಕಾಲೂರಿ ನೋಡುತ್ತಿದ್ದೆ.

ಆ ಮೂರನೆಯ ಮೀನನ್ನು ಮನೆಯೊಳಗೆ ತರುವಾಗ ಅವ್ವ ಒಂದೇ ಮಾತು ಹೇಳಿದಳು. "ಮೀನ ಇರ್ಲಿ. ಆದ್ರ ಅದರ ಸಲುವಾಗಿ ಈ ಮನ್ಯಾಗ ಮಾಂಸ ಬರಬಾರದು. ನಾವು ಉಣ್ಣೂದನ್ನ ಅದೂ ಉಣ್ಲಿ." ನಾನು ಹೂಂ ಎಂದೆ. ಅವ್ವನೊಡನೆ ಯಾರು ವಾದಿಸುತ್ತಾರೆ?

ಹತ್ತು ದಿನದಲ್ಲಿ ಕಸವೆಲ್ಲ ಖಾಲಿ. ಅಂದಿನಿಂದ ಮೀನಿಗೆ ದಿನವೂ ಜೋಳದ ರೊಟ್ಟಿಯ ಪುಡಿ. ನಮ್ಮ ಮನೆಯಲ್ಲಿ ಅವ್ವನದೊಂದು ಪದ್ಧತಿ ಇದೆ. ತಾಟು ಮುಂದಿಟ್ಟರೂ ತುತ್ತು ಮುರಿಯದೆ ಮೊದಲು ಕೇಳುತ್ತಾಳೆ, "ಎಲ್ಲಾರದೂ ಆತೇನು?" ಕೆಲಸದ ನಿಂಗವ್ವನದು, ಅಂಗಳಕ್ಕೆ ಬಂದವರದು, ಬೆಕ್ಕಿನದು. ಯಾರಾದರೂ ಹಸಿದಿದ್ದರೆ ತಾನು ಉಣ್ಣುವುದಿಲ್ಲ. ಸಣ್ಣಂದಿನಿಂದ ನೋಡಿದ್ದೇನೆ. "ಆತವ್ವ, ಮೀನಿಂದೂ ಆತು," ಎನ್ನುತ್ತಿದ್ದೆ. ಅವ್ವ ಉಣ್ಣುತ್ತಿದ್ದಳು.

ಮುಂದಿನ ವಾರದಲ್ಲಿ ಹಸಿರು ಹೂವಿನ ಅಂಚು ಹರಿದದ್ದು ಕಂಡಿತು. ಮರುದಿನ ಎರಡು ಹೂವು ಪೂರ್ತಿ ಮಾಯ. ನನ್ನ ಪಿತ್ತ ನೆತ್ತಿಗೇರಿತು.

"ಗೌಸಸಾಬ ನನಗ ಟೋಪಿ ಹಾಕಿದ. ಇವತ್ತೇ ಈ ಕಳ್ಳ ಮೀನಾ ಅವನ ಅಂಗಡಿಗೆ ಒಗದು ಬರ್ತೀನಿ," ಎಂದು ಡಬ್ಬಿ ತೆಗೆದುಕೊಂಡೆ.

ಮಧ್ಯಾಹ್ನದ ಹೊತ್ತು. ಅವ್ವನ ತಾಟು ಮುಂದಿತ್ತು. ಅವಳು ತೊಟ್ಟಿಯನ್ನೇ ನೋಡುತ್ತಿದ್ದಳು.

"ಶಿವೀ, ಒಂದೀಟು ರೊಟ್ಟಿ ಹಾಕು. ಹಾಕಿ ಹೋಗಬ್ಯಾಡ, ನಿಂತು ನೋಡು."

ಹಾಕಿದೆ. ಮೀನು ಬಂದು ಚೂರನ್ನು ಬಾಯಿಗೆ ತೆಗೆದುಕೊಂಡಿತು. ನಾನು ದಿನಾ ಅಷ್ಟನ್ನೇ ನೋಡಿ ಹೊರಡುತ್ತಿದ್ದೆ. ಎರಡು ಕ್ಷಣ ಬಿಟ್ಟು ಅದು ಚೂರನ್ನು ಉಗುಳಿತು. ಇನ್ನೊಂದು ತೆಗೆದುಕೊಂಡಿತು, ಉಗುಳಿತು. ಅದರ ಹೊಟ್ಟೆ ಒಳಕ್ಕೆ ಹೋಗಿತ್ತು.

"ನಾಕ್ ದಿನದಿಂದ ನೋಡಾಕತ್ತೀನಿ," ಎಂದಳು ಅವ್ವ. "ನಿನ್ನ ಓದಿನ ಮುಂದ ನಂದೇನು ಅಂತ ಸುಮ್ನಿದ್ದೆ. ಅದು ಕಳ್ಳ ಅಲ್ಲ, ಹಸದೈತಿ. ನಮ್ಮ ಮನ್ಯಾಗ ಹಸದೈತಿ, ನನ್ನ ಮಾತಿನಿಂದ. ನಾ ದಿನಾ ಹೊಟ್ಟಿತುಂಬ ಉಂಡೆ."

ಅವಳ ಕಣ್ಣು ತುಂಬಿತ್ತು. ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿದಳು.

"ಅದು ಏನು ಉಣತೈತಿ, ತಗೊಂಡು ಬಾ."

ಬೆಳಗಾವಿಯ ಮೀನುಪೇಟೆಗೆ ನಾನು ಕಾಲಿಟ್ಟರೆ ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಖಾನಾಪುರದ ಬಸ್ಸು ಹತ್ತಿದೆ. ರೊಟ್ಟಿಯ ಕಥೆ ಕೇಳಿ ಗೌಸಸಾಬ ನಗಲಿಲ್ಲ, ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು.

"ಬಾಯಾರ, ಅದು ಸಮುದ್ರದಾಗ ಹುಟ್ಟೇತ್ರಿ, ನಿಮ್ಮ ಓಣ್ಯಾಗಲ್ಲ. ನಾ ಅವತ್ತ ನಾಷ್ಟಾ ಮಾಡ್ಸಿದ್ದು ಸೀಗಡಿ. ಹೊಟ್ಟಿ ತುಂಬಿದ್ರ ಅದು ಹೂವಿನ ತಂಟೇಕ ಹೋಗಂಗಿಲ್ರಿ." ಉಪ್ಪು ಹಾಕದ ಒಣಸೀಗಡಿ ಒಂದು ಪೊಟ್ಟಣ ಕಟ್ಟಿ, ನೆನೆಸಿ ಹಾಕಲು ಹೇಳಿದ.

ಮನೆ ಮುಟ್ಟಿದಾಗ ಐದು ಗಂಟೆ. ತಾಟು ಮುಚ್ಚಿದ ಹಾಗೇ ಇತ್ತು. ನಿಂಗವ್ವ ಎಷ್ಟು ಕೇಳಿಕೊಂಡರೂ ಉಂಡಿರಲಿಲ್ಲವಂತೆ. ಪೊಟ್ಟಣ ಹಿಡಿದು ನಾನು ಹೊಸ್ತಿಲಲ್ಲೇ ನಿಂತೆ. ಆ ಹೊಸ್ತಿಲನ್ನು ಅಂಥದ್ದು ಹಿಂದೆಂದೂ ದಾಟಿರಲಿಲ್ಲ.

"ಒಳಗ ಬಾ," ಎಂದಳು ಅವ್ವ. "ಹಿತ್ತಲದಾಗ ನೆನಿಸು. ಅಡಗಿ ಚಾಕು ಮುಟ್ಟಬ್ಯಾಡ."

ನೆನೆಸಿ, ಚೂರು ಮಾಡಿ, ಒಂದನ್ನು ನೀರಿಗೆ ಬಿಟ್ಟೆ. ವಾಸನೆ ಕೋಣೆಯ ತುಂಬ ಹರಡಿತು. ಅವ್ವ ಸೆರಗನ್ನು ಮೂಗಿಗೆ ಒತ್ತಿ ಹಿಡಿದಳು, ಕಣ್ಣು ಮಾತ್ರ ತೊಟ್ಟಿಯಿಂದ ತೆಗೆಯಲಿಲ್ಲ. ಮೀನು ಬಂತು. ಚೂರನ್ನು ಬಾಯಿಗೆ ತೆಗೆದುಕೊಂಡಿತು. ಇಬ್ಬರೂ ಕಾದೆವು. ಅದು ಉಗುಳಲಿಲ್ಲ. ಇನ್ನೊಂದಕ್ಕೆ ಬಂತು, ಮತ್ತೊಂದಕ್ಕೆ ಬಂತು.

"ಎಲ್ಲಾರದೂ ಆತೇನು?" ಎಂದಳು ಅವ್ವ.

"ಆತವ್ವ," ಎಂದೆ. ಈ ಸಲ ನಿಂತು ನೋಡಿ ಹೇಳಿದೆ.

ಅವಳು ಮೇಲಿನ ತಾಟು ತೆಗೆದು ಒಣಗಿದ ರೊಟ್ಟಿಯನ್ನು ಮುರಿದಳು.